ಹ್ಯಾಮ್‌ಸ್ಟರಿನ ಕಾಲುಮುರಿತ: ಲಕ್ಷಣ ಮತ್ತು ಶುಶ್ರೂಷೆ

ಕನ್ನಡದಲ್ಲಿ ಪಶುವೈದ್ಯದ ಪರಂಪರೆ ಬಹು ಹಳೆಯದು. ಹನ್ನೆರಡನೆಯ ಶತಮಾನದ ಆದಿಭಾಗದಲ್ಲಿಯೇ ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿ, ಹಸುಗಳ ರೋಗ ಹಾಗೂ ಚಿಕಿತ್ಸೆಗಳನ್ನು ಕನ್ನಡದಲ್ಲಿ ನಿರೂಪಿಸಿದನು. ಮುಂದೆ ಕುದುರೆಗಳ ಚಿಕಿತ್ಸೆಯನ್ನು ಕುರಿತೂ ನಮ್ಮ ಭಾಷೆಯಲ್ಲಿ ಗ್ರಂಥಗಳು ಹುಟ್ಟಿದವು. ಒಕ್ಕಲಿಗನಿಗೆ ಹಸು, ಅರಸನಿಗೆ ಕುದುರೆ. ಯಾವ ಪ್ರಾಣಿಯೊಡನೆ ಮನುಷ್ಯನ ಬಾಳು ಹೆಣೆದುಕೊಂಡಿತ್ತೋ ಆ ಪ್ರಾಣಿಯ ನೋವನ್ನು ಅರಿಯುವ ವಿದ್ಯೆಯೂ ಬೆಳೆಯಿತು. ಇಂದು ಕಲ್ಯಾಣ ನಗರದಂತಹ ಬಡಾವಣೆಯಲ್ಲಿ ಹಟ್ಟಿಯೂ ಇಲ್ಲ, ಲಾಯವೂ ಇಲ್ಲ. ಮಹಡಿಯ ಮೇಲಿನ ಮನೆಯ ಮೂಲೆಯಲ್ಲಿ ಒಂದು ಪಂಜರ, ಅದರೊಳಗೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಜೀವ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸಿನ ಅಂಗಡಿಗಳಿಂದಲೋ, ಇನ್ನಾವುದೋ ಸಾಕುಪ್ರಾಣಿಗಳ ಅಂಗಡಿಯಿಂದಲೋ ಮಕ್ಕಳು ಬಯಸಿ ತರುವ ಈ ಪ್ರಾಣಿಗೆ ಹ್ಯಾಮ್‌ಸ್ಟರ್ ಎಂದು ಹೆಸರು. ಇದರ ಕಾಲು ಮುರಿದಾಗ ಅದನ್ನು ಗುರುತಿಸುವುದು ಹೇಗೆ, ಮಾಡಬೇಕಾದದ್ದೇನು, ಮಾಡಬಾರದ್ದೇನು ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸುವುದೇ ಈ ಪಾಠದ ಉದ್ದೇಶ.

ಪ್ರಾಣಿಯ ಪರಿಚಯ

ಹ್ಯಾಮ್‌ಸ್ಟರ್ ಎಂಬುದಕ್ಕೆ ಕನ್ನಡದಲ್ಲಿ ರೂಢಿಗೆ ಬಂದ ಹೆಸರಿಲ್ಲ. ಆದುದರಿಂದ ಇಲ್ಲಿ ಅದೇ ಪದವನ್ನು ಉಳಿಸಿಕೊಂಡಿದೆ. ಇಲಿ, ಅಳಿಲುಗಳಂತೆ ಇದೂ ಕಡಿದು ತಿನ್ನುವ ದಂಶಕ ವರ್ಗಕ್ಕೆ ಸೇರಿದ್ದು. ಬಾಲ ಮೋಟು, ಕಾಲುಗಳು ಗಿಡ್ಡ, ಕೆನ್ನೆಗಳ ಒಳಗೆ ಕಾಳುಗಳನ್ನು ತುಂಬಿಕೊಳ್ಳಲು ಎರಡು ಚೀಲಗಳುಂಟು. ಮನೆಗಳಲ್ಲಿ ಹೆಚ್ಚಾಗಿ ಕಾಣುವ ಸಿರಿಯಾ ದೇಶದ ಜಾತಿಯು ಸುಮಾರು 100ರಿಂದ 150 ಗ್ರಾಂ ತೂಗುತ್ತದೆ; ಕುಳ್ಳ ಜಾತಿಗಳು 50 ಗ್ರಾಂ ಮುಟ್ಟುವುದೂ ವಿರಳ. ಇದರ ಆಯುಸ್ಸು ಎರಡು ಮೂರು ವರ್ಷ ಮಾತ್ರ. ಹಗಲು ನಿದ್ದೆ, ಸಂಜೆಯ ಮೇಲೆ ಸಂಚಾರ. ದೃಷ್ಟಿ ಮಂದವಾದುದರಿಂದ ಎತ್ತರವನ್ನು ಅಳೆಯಲಾರದು. ಮೇಜಿನ ಅಂಚಿನಿಂದಲೂ ನಿರ್ಭಯವಾಗಿ ಮುಂದಡಿಯಿಡುತ್ತದೆ.

ಈ ಪ್ರಾಣಿಯು ಮನುಷ್ಯನ ಮನೆಗೆ ಬಂದ ಕಥೆಯೂ ತಿಳಿಯತಕ್ಕದ್ದು. ನಮ್ಮ ದೇಶದ ಬಿಹಾರ, ಬಂಗಾಳಗಳನ್ನು ಬಹುಕಾಲ ಕಾಡಿದ ಕಾಲಾ ಅಜಾರ್ ಎಂಬ ಜ್ವರದ ಬಗೆಯ ರೋಗಗಳನ್ನು ಅಭ್ಯಸಿಸುತ್ತಿದ್ದ ಜೆರುಸಲೇಮಿನ ವಿಜ್ಞಾನಿ ಸಾಲ್ ಆಡ್ಲರ್ ಎಂಬವರಿಗೆ ಪ್ರಯೋಗಕ್ಕೆ ತಕ್ಕ ಪ್ರಾಣಿಯೊಂದು ಬೇಕಾಗಿತ್ತು. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿಯವರು ಸಿರಿಯಾದ ಅಲೆಪ್ಪೊ ನಗರದ ಬಳಿ, ನೆಲದ ಬಿಲವೊಂದನ್ನು ಅಗೆಸಿ, ಒಂದು ತಾಯಿ ಹ್ಯಾಮ್‌ಸ್ಟರನ್ನೂ ಅದರ ಮರಿಗಳನ್ನೂ ಹಿಡಿಸಿ ತಂದರು. ಇಂದು ಲೋಕದ ಮನೆಮನೆಗಳಲ್ಲಿರುವ ಸಿರಿಯಾ ಜಾತಿಯ ಹ್ಯಾಮ್‌ಸ್ಟರುಗಳಲ್ಲಿ ಬಹುಪಾಲು ಆ ಒಂದೇ ಬಿಲದ ಸಂತತಿ. ಮನುಷ್ಯನ ರೋಗನಿವಾರಣೆಯ ನಿಮಿತ್ತ ಬಿಲವನ್ನು ಬಿಟ್ಟು ಬಂದ ಪ್ರಾಣಿಯಿದು. ಇದರ ನೋವನ್ನು ನಾವು ಕಾಣುವುದರಲ್ಲಿ ಋಣದ ಅಂಶವೂ ಉಂಟು.

ಮುರಿತಕ್ಕೆ ಕಾರಣಗಳು

ಹ್ಯಾಮ್‌ಸ್ಟರಿನ ಕಾಲೆಲುಬು ಬೆಂಕಿಕಡ್ಡಿಗಿಂತಲೂ ತೆಳುವಾದದ್ದು. ಅದರಲ್ಲಿಯೂ ಹಿಂಗಾಲಿನ ಕಣಕಾಲೆಲುಬಿನ ಮೇಲೆ ಮಾಂಸದ ಹೊದಿಕೆ ತೀರ ಕಡಿಮೆ; ಆದಕಾರಣ ಮುರಿತವು ಹೆಚ್ಚಾಗಿ ಅಲ್ಲಿಯೇ ಆಗುತ್ತದೆ. ಕಾರಣಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು, ತಂತಿಯಿಂದ ಮಾಡಿದ ಓಟದ ಚಕ್ರ ಅಥವಾ ತಂತಿಯ ನೆಲ. ಓಡುವಾಗ ಕಾಲು ತಂತಿಗಳ ಸಂದಿಗೆ ಸಿಕ್ಕಿ ತಿರುಚುತ್ತದೆ. ಎರಡನೆಯದು, ಕೈಯಿಂದಲೋ ಮಂಚದಿಂದಲೋ ಬೀಳುವಿಕೆ. ಮೂರನೆಯದು, ಕೋಣೆಯಲ್ಲಿ ಬಿಟ್ಟಾಗ ಕಾಲ್ತುಳಿತಕ್ಕೆ ಅಥವಾ ಬಾಗಿಲಿನ ಸಂದಿಗೆ ಸಿಕ್ಕುವುದು. ನಾಲ್ಕನೆಯದು, ಬೆಕ್ಕು ನಾಯಿಗಳ ಹಿಡಿತ. ಈ ಕೊನೆಯದರಲ್ಲಿ ಹೊರಗೆ ಕಾಣದ ಹಲ್ಲಿನ ಗಾಯವೂ ಇರುವುದರಿಂದ ತಡಮಾಡದೆ ವೈದ್ಯರನ್ನು ಕಾಣತಕ್ಕದ್ದು.

ಲಕ್ಷಣಗಳು

ಬೇಟೆಗೆ ಈಡಾಗುವ ಪ್ರಾಣಿಗಳು ತಮ್ಮ ನೋವನ್ನು ಮರೆಮಾಡುತ್ತವೆ. ನರಳಿದರೆ ವೈರಿಗೆ ಸುಳಿವು ಸಿಕ್ಕುವುದಷ್ಟೆ. ಹ್ಯಾಮ್‌ಸ್ಟರಿನ ಸ್ವಭಾವವೂ ಇದೇ. ಹೀಗಿರಲಾಗಿ ‘ಅದು ಕೂಗಲಿಲ್ಲ, ಆದ್ದರಿಂದ ಪೆಟ್ಟಾಗಿಲ್ಲ’ ಎಂಬ ತರ್ಕ ಸಲ್ಲದು. ಕಿವಿಗಿಂತ ಕಣ್ಣೇ ಇಲ್ಲಿ ಪ್ರಮಾಣ.

ಮೊದಲು ನಡೆಯನ್ನು ನೋಡಬೇಕು. ಒಂದು ಕಾಲನ್ನು ಮೇಲಕ್ಕೆತ್ತಿಕೊಂಡು ಮೂರರಿಂದ ನಡೆಯುವುದು, ಕಾಲನ್ನು ಎಳೆಯುವುದು, ಊರಿದ ಕೂಡಲೆ ಹಿಂತೆಗೆಯುವುದು ಇವು ಸಂದೇಹಕ್ಕೆ ಆಸ್ಪದ ಕೊಡುವ ಲಕ್ಷಣಗಳು. ಬಳಿಕ ಆಕಾರವನ್ನು ನೋಡಬೇಕು. ಬಾವು, ಕಂದುಗಟ್ಟಿದ ಬಣ್ಣ, ಎದುರುಬದಿಯ ಕಾಲಿಗೆ ಹೋಲಿಸಿದರೆ ಅಸಹಜವಾದ ಕೋನ, ಪಾದವು ಹೊರಕ್ಕೆ ತಿರುಗಿರುವುದು ಇವು ಮುರಿತವನ್ನು ಬಲವಾಗಿ ಸೂಚಿಸುತ್ತವೆ. ಎಲುಬು ಚರ್ಮವನ್ನು ಸೀಳಿ ಹೊರಗೆ ಬಂದಿದ್ದರೆ ಸಂದೇಹವೇ ಉಳಿಯುವುದಿಲ್ಲ. ಮೂರನೆಯದಾಗಿ ನಡವಳಿಕೆ: ಸಂಜೆಯಾದರೂ ಗೂಡಿನಿಂದ ಹೊರಬಾರದಿರುವುದು, ಬೆನ್ನು ಗೂನುಮಾಡಿ ರೋಮ ನಿಮಿರಿಸಿ ಕುಳಿತಿರುವುದು, ಮೇವನ್ನು ಬಿಡುವುದು, ಸಾಧುವಾದದ್ದು ಮುಟ್ಟಿದೊಡನೆ ಕಚ್ಚಲು ಬರುವುದು.

ಉಳುಕಿನಲ್ಲಿಯೂ ಕುಂಟುವಿಕೆ ಇರುತ್ತದೆ. ಆದರೆ ಪ್ರಾಣಿಯು ಸ್ವಲ್ಪವಾದರೂ ಭಾರವನ್ನು ಊರುತ್ತದೆ, ಒಂದೆರಡು ದಿನಗಳಲ್ಲಿ ಸುಧಾರಣೆ ಕಾಣುತ್ತದೆ. ಎರಡು ಹಿಂಗಾಲುಗಳನ್ನೂ ಎಳೆಯುತ್ತಿದ್ದರೆ ಪೆಟ್ಟು ಬೆನ್ನೆಲುಬಿಗೆ ಬಿದ್ದಿರಬಹುದು. ಇದು ಗಂಡಾಂತರದ ಸ್ಥಿತಿ. ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಮೆತ್ತಗಿರಲೆಂದು ಪ್ರೀತಿಯಿಂದ ಹಾಸಿದ ಹತ್ತಿಯ ಎಳೆಯೇ ಕಾಲಿಗೆ ಸುತ್ತಿಕೊಂಡು ರಕ್ತಸಂಚಾರವನ್ನು ತಡೆಯುವುದುಂಟು. ಆಗ ಪಾದವು ಊದಿ ನೀಲಿಗಟ್ಟುತ್ತದೆ; ನೋಡಿದವರು ಮುರಿತವೆಂದೇ ಭ್ರಮಿಸುತ್ತಾರೆ. ಎಳೆಯು ಸಡಿಲವಾಗಿ ಕಣ್ಣಿಗೆ ಕಂಡರೆ ಮೆಲ್ಲನೆ ಕತ್ತರಿಸಬಹುದು. ಚರ್ಮದೊಳಕ್ಕೆ ಇಳಿದಿದ್ದರೆ ಅದು ವೈದ್ಯರ ಕೆಲಸ.

ಇಷ್ಟಾದರೂ ಹೊರನೋಟದಿಂದ ಖಚಿತವಾಗಿ ಹೇಳಲಾಗದು. ನಿರ್ಣಯವನ್ನು ಕೊಡತಕ್ಕದ್ದು ಕ್ಷಕಿರಣದ ಚಿತ್ರ. ಎಲುಬನ್ನು ಒತ್ತಿ, ಕಾಲನ್ನು ಎಳೆದು ಪರೀಕ್ಷಿಸುವ ಸಾಹಸಕ್ಕೆ ಮನೆಯಲ್ಲಿ ಯಾರೂ ಕೈಹಾಕಬಾರದು.

ಮೊದಲ ಉಪಚಾರ

ಮೊದಲ ಉಪಚಾರದ ಸಾರವೆಲ್ಲ ಒಂದೇ ಮಾತಿನಲ್ಲಿ ಅಡಗಿದೆ: ಪ್ರಾಣಿಯನ್ನು ಅಲುಗಾಡದಂತೆ ಇರಿಸುವುದು. ಕೈಯಿಂದ ಎತ್ತುವ ಬದಲು ಒಂದು ಬಟ್ಟಲನ್ನೋ ಚಿಕ್ಕ ಡಬ್ಬಿಯನ್ನೋ ಮುಂದಿಟ್ಟು ಅದರೊಳಗೆ ತಾನಾಗಿ ಬರುವಂತೆ ಮಾಡಬೇಕು. ಅಂತಸ್ತುಗಳಿರುವ ಪಂಜರದಿಂದ ತೆಗೆದು, ಗಾಳಿಯಾಡುವ, ಸಮತಟ್ಟಾದ ನೆಲದ ಪೆಟ್ಟಿಗೆಯಲ್ಲಿ ಒಂಟಿಯಾಗಿ ಇರಿಸಬೇಕು. ಅದರಲ್ಲಿ ಚಕ್ರವಾಗಲಿ ಏಣಿಯಾಗಲಿ ಇರಕೂಡದು. ನುಣುಪಾಗಿ ಹರಿದ, ಮುದ್ರಣವಿಲ್ಲದ ಕಾಗದವನ್ನು ತೆಳುವಾಗಿ ಹಾಸಿದರೆ ಸಾಕು. ನೀರು ಮೇವುಗಳು ಎರಡು ಹೆಜ್ಜೆಯೊಳಗೆ ಸಿಕ್ಕಬೇಕು; ಮೇಲೆ ತೂಗುಹಾಕಿದ ನೀರಿನ ಬಾಟಲಿಗೆ ಎಟುಕಲಾರದಿದ್ದರೆ ಅದನ್ನು ತಗ್ಗಿಸಬೇಕು, ಜೊತೆಗೆ ಒಂದು ಹೋಳು ಸೌತೆಕಾಯಿಯನ್ನೂ ಇಡಬಹುದು. ರಕ್ತ ಒಸರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಮೃದುವಾಗಿ ಒತ್ತಿ ಹಿಡಿಯಬೇಕು. ಪೆಟ್ಟಿಗೆಯು ಬೆಚ್ಚಗಿನ, ನೀರವವಾದ, ಮಬ್ಬುಬೆಳಕಿನ ಸ್ಥಳದಲ್ಲಿರಲಿ.

ಇನ್ನು ಮಾಡಬಾರದ ಸಂಗತಿಗಳು. ಬೆಂಗಳೂರಿನ ಬೀದಿಗಳಲ್ಲಿ ‘ಪುತ್ತೂರು ಕಟ್ಟು’ ಎಂಬ ಫಲಕಗಳನ್ನು ಎಲ್ಲರೂ ಕಂಡಿದ್ದೇವೆ. ಮನುಷ್ಯನ ಎಲುಬಿಗೆ ಕಟ್ಟುವುದನ್ನು ಕಂಡ ಬಾಲಕರಿಗೆ, ಬೆಂಕಿಕಡ್ಡಿಯನ್ನೂ ದಾರವನ್ನೂ ತೆಗೆದುಕೊಂಡು ಹ್ಯಾಮ್‌ಸ್ಟರಿನ ಕಾಲಿಗೂ ಕಟ್ಟಿಬಿಡೋಣವೆನ್ನಿಸುವುದು ಸಹಜ. ಆದರೆ ಹಾಗೆ ಕಟ್ಟಿದ ಕಟ್ಟು ರಕ್ತಸಂಚಾರವನ್ನು ತಡೆದು ಪಾದವನ್ನೇ ಕೊಳೆಯಿಸೀತು. ಪ್ರಾಣಿಯು ಅದನ್ನು ಕಡಿಯಲು ಹೋಗಿ ತನ್ನ ಕಾಲನ್ನೇ ಕಡಿದುಕೊಂಡೀತು. ಅರಿಸಿನ, ಎಣ್ಣೆ, ನೋವಿನ ಮುಲಾಮುಗಳನ್ನೂ ಸವರಬಾರದು; ಸವರಿದ್ದೆಲ್ಲವನ್ನೂ ಅದು ನೆಕ್ಕಿ ನುಂಗುತ್ತದೆ.

ಮನುಷ್ಯರ ಮಾತ್ರೆಯನ್ನು ಕೊಡಲೇಬಾರದು. ಇದನ್ನು ಲೆಕ್ಕದಿಂದಲೇ ತಿಳಿಯಬಹುದು. 60 ಕಿಲೋಗ್ರಾಂ ತೂಗುವ ಮನುಷ್ಯನು 120 ಗ್ರಾಂ ತೂಗುವ ಹ್ಯಾಮ್‌ಸ್ಟರಿನ 500 ಪಟ್ಟು ಭಾರವುಳ್ಳವನು. ಅವನು ನುಂಗುವ 500 ಮಿಲಿಗ್ರಾಂ ಮಾತ್ರೆಯು ತೂಕದ ಪ್ರಮಾಣದಲ್ಲಿ ಈ ಪ್ರಾಣಿಗೆ 1 ಮಿಲಿಗ್ರಾಂ ಆಯಿತು. ಮಾತ್ರೆಯನ್ನು ಐನೂರು ಪಾಲು ಮಾಡಬಲ್ಲ ಚಾಕು ಯಾವ ಮನೆಯಲ್ಲಿದೆ? ಮೇಲಾಗಿ ಔಷಧವನ್ನು ಅರಗಿಸಿಕೊಳ್ಳುವ ಬಗೆ ಪ್ರಾಣಿಯಿಂದ ಪ್ರಾಣಿಗೆ ಬೇರೆಯಾದುದರಿಂದ ಈ ತೂಕದ ಲೆಕ್ಕವೂ ನಂಬತಕ್ಕದ್ದಲ್ಲ. ಮಕ್ಕಳ ಜ್ವರಕ್ಕೆಂದು ತಂದು ಉಳಿದ ಅಮಾಕ್ಸಿಸಿಲಿನ್ ಔಷಧದ ವಿಷಯದಲ್ಲಿಯಂತೂ ಮತ್ತಷ್ಟು ಎಚ್ಚರ ಬೇಕು. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಲಿಂಕೊಮೈಸಿನ್, ಎರಿಥ್ರೊಮೈಸಿನ್ ಮೊದಲಾದವು ಹ್ಯಾಮ್‌ಸ್ಟರಿನ ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನು ಅಳಿಸಿ, ವಿಷಕಾರಿಗಳಾದವುಗಳಿಗೆ ಎಡೆಮಾಡಿಕೊಟ್ಟು, ಭೇದಿಯಿಂದ ಕೆಲವೇ ದಿನಗಳಲ್ಲಿ ಅದನ್ನು ಕೊಲ್ಲಬಲ್ಲವು. ಕಾಲುಮುರಿತದಿಂದ ಸಾಯದ ಪ್ರಾಣಿ ಮದ್ದಿನಿಂದ ಸತ್ತಂತಾಗುತ್ತದೆ.

ವೈದ್ಯರ ಬಳಿಗೆ

ಆ ದಿನವೇ, ತಪ್ಪಿದರೆ ಮರುದಿನವೇ ಪಶುವೈದ್ಯರನ್ನು ಕಾಣಬೇಕು. ಎಲುಬು ಹೊರಬಂದಿದ್ದರೆ ಅಥವಾ ಹಿಂಗಾಲೆರಡೂ ಸ್ವಾಧೀನ ತಪ್ಪಿದ್ದರೆ ಒಂದು ಗಳಿಗೆಯೂ ತಡವಾಗಕೂಡದು. ನಾಯಿ, ಬೆಕ್ಕು, ದನಗಳನ್ನು ನೋಡುವ ಎಲ್ಲ ವೈದ್ಯರಿಗೂ ಇಷ್ಟು ಚಿಕ್ಕ ಪ್ರಾಣಿಯ ಅಭ್ಯಾಸ ಇರಲಾರದು. ಮುಂಚಿತವಾಗಿ ದೂರವಾಣಿಯಲ್ಲಿ ವಿಚಾರಿಸಿ ಹೊರಡುವುದು ಲೇಸು. ಕಲ್ಯಾಣ ನಗರದವರು ಹೊರವರ್ತುಲ ರಸ್ತೆಯಲ್ಲಿ ನಾಗವಾರವನ್ನು ದಾಟಿ ಹೆಬ್ಬಾಳಕ್ಕೆ ಹೋದರೆ ಅಲ್ಲಿ 1958ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಮುಚ್ಚಿದ ಕಾರಿನಲ್ಲಿ ಬಿಸಿಲಿಗೆ ಇಡದೆ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಯ್ಯಬೇಕು.

ಹಗಲಿನಲ್ಲಿ ವೈದ್ಯರ ಮುಂದೆ ಹ್ಯಾಮ್‌ಸ್ಟರು ಮುದುಡಿ ಕುಳಿತುಬಿಡುತ್ತದೆ. ಅದರ ಕುಂಟುನಡೆ ಅವರಿಗೆ ಕಾಣುವುದೇ ಇಲ್ಲ. ಆದುದರಿಂದ ಹಿಂದಿನ ರಾತ್ರಿ ಅದು ನಡೆಯುವ ರೀತಿಯನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗುವುದು ಒಳ್ಳೆಯ ಉಪಾಯ. ಪೆಟ್ಟಾದ ಬಗೆ, ಸಮಯ, ಕೊನೆಯ ಬಾರಿ ತಿಂದದ್ದು ಯಾವಾಗ ಎಂಬುದನ್ನು ಮರೆಮಾಚದೆ ತಿಳಿಸಬೇಕು.

ವೈದ್ಯರು ಮೊದಲು ನೋವನ್ನು ಶಮನಗೊಳಿಸುತ್ತಾರೆ. ಎಲುಬಿನ ತುದಿಗಳು ಸರಿದಿಲ್ಲವಾದರೆ ಅನೇಕ ವೇಳೆ ಕಟ್ಟಿಲ್ಲದೆ ಬರಿಯ ವಿಶ್ರಾಂತಿಯನ್ನೇ ವಿಧಿಸುತ್ತಾರೆ. ಚಿಕ್ಕ ಪ್ರಾಣಿಗಳಲ್ಲಿ ಎಲುಬು ಬೇಗನೆ ಕೂಡಿಕೊಳ್ಳುತ್ತದೆ. ಕಾಲು ಉಳಿಯದಂತೆ ನಜ್ಜುಗುಜ್ಜಾಗಿದ್ದರೆ ಶಸ್ತ್ರಕ್ರಿಯೆಯಿಂದ ಅದನ್ನು ತೆಗೆಯಬೇಕಾದೀತು. ಇದನ್ನು ಕೇಳಿ ಎದೆಗುಂದಬೇಕಾಗಿಲ್ಲ. ಮೂರು ಕಾಲಿನ ಹ್ಯಾಮ್‌ಸ್ಟರು ತಿಂದು, ಓಡಾಡಿ, ಸುಖವಾಗಿ ಬಾಳಬಲ್ಲುದು. ಬೆನ್ನೆಲುಬೇ ತುಂಡಾಗಿ ಚೇತರಿಕೆಯ ಆಸೆಯಿಲ್ಲದಿದ್ದಾಗ ನೋವಿಲ್ಲದ ಮರಣವನ್ನು ವೈದ್ಯರು ಸೂಚಿಸಿಯಾರು. ಆ ಮಾತನ್ನು ಮನೆಯ ಹಿರಿಯರು ಮಕ್ಕಳಿಂದ ಮುಚ್ಚಿಡದೆ, ಅವರಿಗೆ ಅರ್ಥವಾಗುವಂತೆ ಹೇಳುವುದು ಉಚಿತ.

ಮನೆಯ ಶುಶ್ರೂಷೆ

ಸಾಮಾನ್ಯವಾಗಿ ಮೂರು ನಾಲ್ಕು ವಾರಗಳ ವಿಶ್ರಾಂತಿ ಬೇಕಾಗುತ್ತದೆ. ಒದ್ದೆಯಾದ ಕಾಗದವನ್ನು ದಿನವೂ ಬದಲಾಯಿಸಬೇಕು. ರೂಢಿಯ ಮೇವನ್ನೇ ಕೊಡಬೇಕು. ಬೇಯಿಸಿದ ಮೊಟ್ಟೆಯ ಒಂದು ಚೂರನ್ನು ಆಗಾಗ ಸೇರಿಸಬಹುದು. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ಪ್ರತಿದಿನ ಒಂದೇ ಹೊತ್ತಿಗೆ ತೂಗಿ ಬರೆದಿಡುವುದು ವಿದ್ಯಾರ್ಥಿಗಳಿಗೆ ತಕ್ಕ ಕೆಲಸ. 120 ಗ್ರಾಂ ಇದ್ದದ್ದು 108ಕ್ಕೆ ಇಳಿದರೆ ಹತ್ತನೆಯ ಒಂದು ಪಾಲು ಕರಗಿತೆಂದು ತಿಳಿದು ವೈದ್ಯರಿಗೆ ತಿಳಿಸಬೇಕು. ಪಾದವು ತಣ್ಣಗಾಗುವುದು, ಕಪ್ಪಗಾಗುವುದು, ದುರ್ಗಂಧ, ಕಾಲನ್ನು ಕಡಿದುಕೊಳ್ಳುವುದು, ಬಾಲದ ಬುಡ ಒದ್ದೆಯಾಗಿರುವುದು, ಒಂದು ದಿನ ಪೂರ್ತಿ ತಿನ್ನದಿರುವುದು ಇವು ಅಪಾಯದ ಚಿಹ್ನೆಗಳು. ಹತ್ತು ಹನ್ನೆರಡು ದಿನಗಳಲ್ಲಿ ಅದು ಚುರುಕಾಗಿ ಓಡಾಡತೊಡಗಿದರೂ ಚಕ್ರವನ್ನು ಹಿಂದಿರುಗಿಸಬಾರದು. ನೋವು ಅಡಗಿದ ಮಾತ್ರಕ್ಕೆ ಎಲುಬು ಗಟ್ಟಿಯಾಯಿತೆಂದಲ್ಲ. ವೈದ್ಯರ ಅನುಮತಿಯೇ ಇದಕ್ಕೆ ಪ್ರಮಾಣ. ಪ್ರಾಣಿಯನ್ನು ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯುವುದನ್ನೂ, ಅದು ಕಚ್ಚಿದರೆ ಗಾಯವನ್ನು ತೊಳೆದು ಹಿರಿಯರಿಗೆ ತಿಳಿಸಿ ವೈದ್ಯರಿಗೆ ತೋರಿಸುವುದನ್ನೂ ಮರೆಯಬಾರದು.

ಮುಂದೆ ಹೀಗಾಗದಂತೆ ತಂತಿಯ ಚಕ್ರವನ್ನು ತೆಗೆದು, ಸಂದಿಯಿಲ್ಲದ ನೆಲವುಳ್ಳ, ಬೆನ್ನು ಬಾಗದೆ ಓಡಬಹುದಾದ ದೊಡ್ಡ ಚಕ್ರವನ್ನು ಇಡಬೇಕು. ಎತ್ತಿಕೊಳ್ಳುವಾಗ ನೆಲದ ಮೇಲೆ ಕುಳಿತು, ಎರಡು ಅಂಗೈಗಳ ಬೊಗಸೆಯಲ್ಲಿ ಹಿಡಿಯಬೇಕು. ಹತ್ತಿಯ ಹಾಸನ್ನು ಬಿಡಬೇಕು.

ಉಪಸಂಹಾರ

ಕೊನೆಯದಾಗಿ, ಅನೇಕ ಮನೆಗಳಲ್ಲಿ ಕೇಳಿಬರುವ ಒಂದು ಆಕ್ಷೇಪವನ್ನು ವಿಚಾರಿಸಬೇಕಾಗಿದೆ. ‘ಕೆಲವು ನೂರು ರೂಪಾಯಿಯ ಪ್ರಾಣಿಗೆ ಅದರ ಹಲವು ಪಟ್ಟು ಖರ್ಚೇಕೆ? ಇದನ್ನು ಬಯಲಿಗೆ ಬಿಟ್ಟು ಬೇರೊಂದನ್ನು ತಂದರಾಯಿತು’ ಎನ್ನುವವರುಂಟು. ಅಂಗಡಿಯವನು ಹೇಳಿದ್ದು ಕೊಳ್ಳುವ ಬೆಲೆ. ನೋವಿಗೆ ಅವನು ಬೆಲೆ ಕಟ್ಟಿಲ್ಲ. ಕುಂಟುವ ಹ್ಯಾಮ್‌ಸ್ಟರನ್ನು ನಮ್ಮ ಬಯಲಿಗೆ ಬಿಡುವುದೆಂದರೆ ಕಾಗೆಗೋ ಬೆಕ್ಕಿಗೋ ಒಪ್ಪಿಸುವುದೇ ಸರಿ. ಇದು ಈ ನೆಲದ ಪ್ರಾಣಿಯೂ ಅಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 3ನೆಯ ಪ್ರಕರಣವು, ಪ್ರಾಣಿಯನ್ನು ಇಟ್ಟುಕೊಂಡವನು ಅದರ ಕ್ಷೇಮವನ್ನು ನೋಡಿಕೊಂಡು, ಅನಾವಶ್ಯಕವಾದ ನೋವು ತಟ್ಟದಂತೆ ತಕ್ಕ ಕ್ರಮ ಕೈಗೊಳ್ಳುವುದು ಅವನ ಕರ್ತವ್ಯವೆಂದು ವಿಧಿಸಿದೆ. ಆನೆಗೂ ಹ್ಯಾಮ್‌ಸ್ಟರಿಗೂ ಆ ವಿಧಿ ಒಂದೇ. ಖರ್ಚಿನ ಯೋಚನೆಯನ್ನು ಪ್ರಾಣಿಯನ್ನು ತರುವ ಮುನ್ನವೇ ಮಾಡತಕ್ಕದ್ದು. ಅದು ಕುಂಟುತ್ತಿರುವಾಗ ಅಲ್ಲ.

ಎರಡು ವರ್ಷದ ಆಯುಸ್ಸಿನಲ್ಲಿ ಒಂದು ತಿಂಗಳೆಂದರೆ, ಎಪ್ಪತ್ತು ವರ್ಷ ಬಾಳುವ ಮನುಷ್ಯನಿಗೆ ಸುಮಾರು ಮೂರು ವರ್ಷಗಳಿದ್ದಂತೆ. ಅಷ್ಟು ಕಾಲ ಅದು ನೋವಿನಲ್ಲಿ ಕಳೆಯುವುದೋ ನೆಮ್ಮದಿಯಲ್ಲಿ ಕಳೆಯುವುದೋ ಎಂಬುದು ಅದನ್ನು ಸಾಕಿದವರ ಕಣ್ಣಿನ ಎಚ್ಚರವನ್ನು ಅವಲಂಬಿಸಿದೆ. ನಮ್ಮ ವಿದ್ಯಾರ್ಥಿಗಳು ಪಂಜರದ ಮುಂದೆ ಸಂಜೆಯ ಹೊತ್ತು ಐದು ನಿಮಿಷ ಕುಳಿತು, ತಮ್ಮ ಪುಟ್ಟ ಪ್ರಾಣಿಯು ನಾಲ್ಕು ಕಾಲನ್ನೂ ಊರಿ ನಡೆಯುತ್ತಿದೆಯೇ ಎಂಬುದನ್ನು ನೋಡುವ ಅಭ್ಯಾಸವನ್ನು ಬೆಳೆಸಿಕೊಳ್ಳಲೆಂದು ಹಾರೈಸುತ್ತೇನೆ.