ಹೋಟೆಲಿನವರೇ ಹೇಳಿದರೂ ‘ಕ್ಯಾನ್ಸಲ್’ ಒತ್ತಬೇಡಿ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ನನ್ನ ಬಳಿ ಬರುವ ತಕರಾರುಗಳಲ್ಲಿ ಒಂದು ಬಗೆಯವು ಈಚೆಗೆ ಹೆಚ್ಚಾಗಿವೆ. ನವಿ ಮುಂಬಯಿಯ ಕಾಮೋಠೆಯ ಕುಟುಂಬ. ಪನ್ವೇಲಿನಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಟವರು, ದಾರಿಯಲ್ಲಿ ಮಡಗಾಂವ್‌ನಲ್ಲಿ ಇಳಿದು ಎರಡು ದಿನ ಗೋವಾ ನೋಡೋಣ ಎಂದುಕೊಂಡಿರುತ್ತಾರೆ. ಮೊಬೈಲಿನಲ್ಲಿ ‘ಮಿಸ್ಟರಿ ಡೀಲ್’ ಕಾಣುತ್ತದೆ. ಪೂರ್ತಿ ಹಣ ಮುಂಗಡ ಕಟ್ಟುತ್ತಾರೆ. ಹೋದರೆ ರೂಮಿಲ್ಲ, ಕೇಳಿದರೆ ಹಣವೂ ಇಲ್ಲ. ‘ನಾನ್ ರಿಫಂಡೆಬಲ್ ಅಂತ ಮೊದಲೇ ಬರೆದಿತ್ತಲ್ಲ ವಕೀಲರೇ, ಇನ್ನೇನು ಮಾಡೋಕಾಗುತ್ತೆ’ ಎಂದು, ನಾನು ಕಾಗದ ನೋಡುವ ಮೊದಲೇ ತಮ್ಮ ವಿರುದ್ಧ ತಾವೇ ತೀರ್ಪು ಕೊಟ್ಟುಕೊಂಡಿರುತ್ತಾರೆ. ಆ ತೀರ್ಪು ಹೆಚ್ಚಿನ ಸಲ ತಪ್ಪು. ಆದರೆ ಅಷ್ಟು ಹೊತ್ತಿಗೆ ಅವರ ಕೈಯಾರೆ ಒಂದು ಕೆಲಸ ನಡೆದುಹೋಗಿರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಡೀಲು ಏನು ಎಂಬುದನ್ನು ಮೊದಲು ಹೇಳುತ್ತೇನೆ. ಮಾರಾಟವಾಗದ ರೂಮನ್ನು ಹೋಟೆಲಿನವರಿಗೆ ಖಾಲಿ ಬಿಡಲು ಮನಸ್ಸಿಲ್ಲ, ಬಹಿರಂಗವಾಗಿ ದರ ಇಳಿಸಲೂ ಮನಸ್ಸಿಲ್ಲ. ಆಗ ಹೆಸರು ಮುಚ್ಚಿಟ್ಟು ಮಾರುತ್ತಾರೆ. ‘ಕಲಂಗುಟ್ ಹತ್ತಿರ, ತ್ರೀ ಸ್ಟಾರ್, ಈಜುಕೊಳ, ತಿಂಡಿ ಸೇರಿ’ ಎಂಬಷ್ಟೇ ಕಾಣುತ್ತದೆ. ಹಣ ಕಟ್ಟಿದ ಮೇಲೆ ಹೋಟೆಲಿನ ಹೆಸರು ಬರುತ್ತದೆ. ಅಮೆರಿಕದಲ್ಲಿ ಪ್ರೈಸ್‌ಲೈನ್ 1998ರಲ್ಲಿ ಈ ಬಗೆಯ ವ್ಯಾಪಾರ ಶುರುಮಾಡಿತು, ಆಮೇಲೆ ಹಾಟ್‌ವೈರ್ ಬಂತು. ನಮ್ಮಲ್ಲಿ ಹೆಸರು ಮುಚ್ಚಿಡುವುದಕ್ಕೆ ಇನ್ನೊಂದು ಒತ್ತಡವೂ ಇತ್ತು. ಆ್ಯಪಿನಲ್ಲಿರುವುದಕ್ಕಿಂತ ಕಡಿಮೆ ದರಕ್ಕೆ ಬೇರೆಲ್ಲೂ ರೂಮು ಕೊಡಕೂಡದು ಎಂದು ಹೋಟೆಲುಗಳ ಕೈ ಕಟ್ಟಿಹಾಕುವ ಕರಾರುಗಳಿದ್ದವು. ಇಂಥ ಕರಾರು ಸೇರಿದಂತೆ ಹಲವು ಕಾರಣಗಳಿಗೆ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೋ ಮೇಲೆ 223.48 ಕೋಟಿ ರೂಪಾಯಿ ದಂಡ ಹಾಕಿತು.

ಉಳಿತಾಯ ಸುಳ್ಳಲ್ಲ. ಒಬ್ಬಂಟಿಯಾಗಿ ಹೋಗುವವರು, ಯಾವ ಬೀದಿಯಾದರೂ ಸರಿ ಎನ್ನುವವರು ತೆಗೆದುಕೊಳ್ಳಲಿ. ಮಂಡಿನೋವಿನ ಅಜ್ಜಿ, ಹಸುಗೂಸು ಜೊತೆಗಿದ್ದರೆ ಬೇಡ. ಲಿಫ್ಟ್ ಇದೆಯೋ ಇಲ್ಲವೋ ಹಣ ಕಟ್ಟುವ ಮೊದಲು ಗೊತ್ತಾಗುವುದೇ ಇಲ್ಲ. ತೆಗೆದುಕೊಳ್ಳುವವರು ಕೊನೆಯ ಪುಟದ ‘ತೆರಿಗೆ ಮತ್ತು ಶುಲ್ಕ’ ಎಂಬ ಸಾಲನ್ನು ಬಿಡಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ 5 ಮಾತ್ರ. ಎರಡು ಸಾವಿರದ ರೂಮಿಗೆ ನೂರು ರೂಪಾಯಿ. ಅಲ್ಲಿ 450 ಎಂದಿದ್ದರೆ ಉಳಿದದ್ದರಲ್ಲಿ ಹೆಚ್ಚಿನದು ಸರಕಾರದ್ದಲ್ಲ, ಆ್ಯಪಿನದು. ಮೊದಲು ಕಡಿಮೆ ದರ ತೋರಿಸಿ ಕೊನೆಯಲ್ಲಿ ಏರಿಸುವುದು, ಕೇಳದೆ ವಿಮೆಯನ್ನೋ ದೇಣಿಗೆಯನ್ನೋ ಸೇರಿಸುವುದು, ‘ಒಂದೇ ರೂಮು ಉಳಿದಿದೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಈ ಮೂರನ್ನೂ 2023ರ ನವೆಂಬರ್ 30ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ನಿಷೇಧಿಸಿದೆ. ಸಾಧ್ಯವಿದ್ದರೆ ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. ಸೇವೆ ಸಿಗದಿದ್ದಾಗ ಹಣ ಹಿಂದಿರುಗಿಸುವಂತೆ ಬ್ಯಾಂಕಿಗೆ ‘ಚಾರ್ಜ್‌ಬ್ಯಾಕ್’ ಅರ್ಜಿ ಕೊಡಬಹುದು. ಯುಪಿಐಯಲ್ಲಿ ನೀವೇ ಪಿನ್ ಒತ್ತಿ ಕಳಿಸಿದ ಹಣಕ್ಕೆ ಅಷ್ಟು ಸುಲಭದ ದಾರಿಯಿಲ್ಲ.

ಇನ್ನು ಜನ ಅತಿ ಹೆಚ್ಚು ಕಳೆದುಕೊಳ್ಳುವ ಜಾಗಕ್ಕೆ ಬರುತ್ತೇನೆ. ರಾತ್ರಿ ಹತ್ತಕ್ಕೆ ಹೋಟೆಲ್ ತಲುಪಿದ್ದೀರಿ, ಮಕ್ಕಳು ತೂಕಡಿಸುತ್ತಿದ್ದಾರೆ. ಕೌಂಟರಿನವನು ‘ನಿಮ್ಮ ಬುಕಿಂಗ್ ನಮಗೆ ಬಂದೇ ಇಲ್ಲ’ ಎನ್ನುತ್ತಾನೆ, ಇಲ್ಲವೇ ‘ಆ ರೇಟಿಗೆ ನಮಗೆ ಪೂರೈಸಲ್ಲ’ ಎನ್ನುತ್ತಾನೆ. ನೀವು ದನಿ ಏರಿಸಿದರೆ ಮೆತ್ತಗಾಗಿ ಹೇಳುತ್ತಾನೆ: ‘ಆ್ಯಪಿನಲ್ಲಿ ನೀವೇ ಕ್ಯಾನ್ಸಲ್ ಮಾಡಿಬಿಡಿ ಸಾರ್, ದುಡ್ಡು ತಾನಾಗಿ ವಾಪಸ್ ಬರುತ್ತೆ.’ ಕೆಲವರು ಇನ್ನೂ ಮುಂದೆ ಹೋಗಿ, ಕ್ಯಾನ್ಸಲ್ ಮಾಡಿ ಕ್ಯಾಶ್ ಕೊಟ್ಟರೆ ಇದೇ ರೂಮು ಕೊಡುತ್ತೇನೆ ಎನ್ನುತ್ತಾರೆ. ರೂಮು ಇತ್ತು ಎಂದಾಯಿತಲ್ಲ! ಆ್ಯಪಿಗೆ ಕಟ್ಟಬೇಕಾದ ಕಮಿಷನ್ ಉಳಿಸುವುದಕ್ಕೆ ದಣಿದು ಬಂದ ಸಂಸಾರವನ್ನು ಬಾಗಿಲಲ್ಲಿ ನಿಲ್ಲಿಸುವ ಈ ಚಾಳಿ ಕಂಡರೆ ನನಗೆ ಮೈ ಉರಿಯುತ್ತದೆ.

ನೀವು ಕ್ಯಾನ್ಸಲ್ ಒತ್ತಿದ ಕ್ಷಣ ದಾಖಲೆ ತಿರುಗಿಬೀಳುತ್ತದೆ. ಹೋಟೆಲು ರೂಮು ಕೊಡಲಿಲ್ಲ ಎಂಬ ಸಂಗತಿ ಎಲ್ಲೂ ಉಳಿಯುವುದಿಲ್ಲ. ಗ್ರಾಹಕರೇ ಬಂದ ದಿನ ರದ್ದು ಮಾಡಿದರು ಎಂದಷ್ಟೇ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ರದ್ದು ಮಾಡಿದರೆ ಹಣ ವಾಪಸಿಲ್ಲ ಎಂದು ನೀವು ಒಪ್ಪಿಯೂ ಆಗಿದೆ. ಆಮೇಲೆ ಗ್ರಾಹಕ ಆಯೋಗದ ಮುಂದೆ ಕಂಪನಿಯ ವಕೀಲರು ಆ ಒಂದೇ ಹಾಳೆ ಇಟ್ಟು ಕೂರುತ್ತಾರೆ. ಅದನ್ನು ಮುರಿಯುವುದು ಅಸಾಧ್ಯವೇನಲ್ಲ, ಆದರೆ ಗೆಲ್ಲುವ ಕೇಸನ್ನು ಏದುಸಿರು ಬಿಡುತ್ತಾ ಎಳೆಯಬೇಕಾಗುತ್ತದೆ. ಆ್ಯಪಿನ ಕಸ್ಟಮರ್ ಕೇರಿನವರೂ ಕೆಲವೊಮ್ಮೆ ಇದೇ ಸಲಹೆ ಕೊಡುತ್ತಾರೆ. ಅವರಿಗೆ ಹೇಳಬೇಕಾದದ್ದು ಒಂದೇ ಮಾತು: ‘ರದ್ದು ಮಾಡುವುದಾದರೆ ನೀವು ಮಾಡಿ, ಹೋಟೆಲು ರೂಮು ನಿರಾಕರಿಸಿತು ಎಂದು ಕಾರಣ ಬರೆದು ಕಳಿಸಿ.’

ಒತ್ತದೆ ಸುಮ್ಮನೆ ಹಿಂದಿರುಗಿದರೂ ಕಷ್ಟವೇ. ನೀವು ಬರಲೇ ಇಲ್ಲ, ‘ನೋ ಶೋ’ ಎಂದು ಹೋಟೆಲಿನವರು ಗುರುತು ಹಾಕುತ್ತಾರೆ. ಆದ್ದರಿಂದ ಹೋಟೆಲು ಬಿಡುವ ಮೊದಲೇ, ಅದೇ ರಾತ್ರಿ, ಆ್ಯಪಿನ ಚಾಟ್‌ನಲ್ಲಿ ಮತ್ತು ಇಮೇಲಿನಲ್ಲಿ ಎರಡು ಸಾಲು ಬರೆಯಿರಿ: ಇಂಥ ಹೊತ್ತಿಗೆ ಬಂದೆವು, ಇಂಥ ಕಾರಣ ಹೇಳಿ ರೂಮು ಕೊಡಲಿಲ್ಲ, ಬದಲಿ ರೂಮು ಕೊಡಿ ಅಥವಾ ಹಣ ಹಿಂದಿರುಗಿಸಿ. ಬೋರ್ಡಿನ ಮುಂದೆ ನಿಂತು ಒಂದು ಫೋಟೊ ತೆಗೆಯಿರಿ. ಟ್ಯಾಕ್ಸಿ ರಸೀದಿ, ಕರೆಗಳ ಪಟ್ಟಿ, ಆ ರಾತ್ರಿ ಬೇರೆ ಕಡೆ ಉಳಿದ ಬಿಲ್ಲು ಇಟ್ಟುಕೊಳ್ಳಿ. ಬಿಲ್ಲಿಲ್ಲದೆ ಕ್ಯಾಶ್ ಕೊಟ್ಟು ಉಳಿದರೆ ಹೆಚ್ಚು ಖರ್ಚಾದದ್ದನ್ನು ತೋರಿಸಲಾಗದು.

ಇಲ್ಲಿ ಒಂದು ವಿನಾಯಿತಿಯಿದೆ. ಗುರುತಿನ ಚೀಟಿ ಇಲ್ಲದಿದ್ದರೆ, ಹೇಳಿದ್ದಕ್ಕಿಂತ ಹೆಚ್ಚು ಜನ ಹೋಗಿದ್ದರೆ ಹೋಟೆಲು ನಿರಾಕರಿಸುವುದು ನ್ಯಾಯವೇ. ಸ್ಥಳೀಯ ಆಧಾರ್‌ಗೆ ರೂಮಿಲ್ಲ ಎನ್ನುವುದು, ಮದುವೆಯಾಗದ ಜೋಡಿಗೆ ಕೊಡುವುದಿಲ್ಲ ಎನ್ನುವುದು ಕಾನೂನಲ್ಲ, ಆಯಾ ಹೋಟೆಲಿನ ಕಟ್ಟಳೆ. ಅದು ಹಣ ಕಟ್ಟುವ ಮೊದಲೇ ಪರದೆಯ ಮೇಲೆ ಕಾಣಿಸಿತ್ತೇ ಎಂಬುದೇ ಪ್ರಶ್ನೆ. ಕಾಣಿಸಿದ್ದರೆ ನಿಮ್ಮ ಕೇಸು ಸಡಿಲ. ಹೆಸರಿನೊಂದಿಗೆ, ಹಣ ಹೋದ ಮೇಲೆ ಕಾಣಿಸಿದ್ದರೆ ಗಟ್ಟಿ. ರೈಲು ತಪ್ಪಿತು, ಮನೆಯಲ್ಲಿ ಕಾಯಿಲೆ, ಮನಸ್ಸು ಬದಲಾಯಿತು, ಇಂಥ ಕಡೆ ‘ನಾನ್ ರಿಫಂಡೆಬಲ್’ ಎಂಬ ಮಾತಿಗೆ ಬಲವಿದೆ. ನಿಮಗೆ ಆಸೆ ಹುಟ್ಟಿಸಲಾರೆ. ಆದರೂ ಒಂದು ಪತ್ರ ಬರೆಯಿರಿ. ತಾನೇ ರದ್ದು ಮಾಡಿದಾಗ ಅಂಥದ್ದೇ ಶುಲ್ಕ ಭರಿಸದ ಇ-ಕಾಮರ್ಸ್ ಸಂಸ್ಥೆ ಗ್ರಾಹಕರ ಮೇಲೆ ರದ್ದತಿ ಶುಲ್ಕ ಹೇರುವಂತಿಲ್ಲ ಎಂದು 2020ರ ಗ್ರಾಹಕ ರಕ್ಷಣಾ (ಇ-ಕಾಮರ್ಸ್) ನಿಯಮಗಳು ಹೇಳುತ್ತವೆ. ‘ನೀವು ರದ್ದು ಮಾಡಿದ್ದರೆ ನನಗೆಷ್ಟು ಕೊಡುತ್ತಿದ್ದಿರಿ?’ ಎಂದು ಲಿಖಿತವಾಗಿ ಕೇಳಿದರೆ ಒಂದಿಷ್ಟು ಹಣ ಬಿಟ್ಟುಕೊಡುವುದುಂಟು.

‘ನಾವು ಬರೀ ತೋರಿಸುವವರು, ಹೋಟೆಲಿನ ತಪ್ಪಿಗೆ ನಾವು ಹೊಣೆಯಲ್ಲ’ ಎನ್ನುವುದು ಆ್ಯಪ್ ಕಂಪನಿಗಳ ಮಾಮೂಲಿ ಉತ್ತರ. ಸಾಮಾನ್ಯ ಬುಕಿಂಗಿನಲ್ಲಿ ಆ ಮಾತಿಗೆ ಒಂದಿಷ್ಟು ತೂಕ ಇರಬಹುದು. ಮಿಸ್ಟರಿ ಡೀಲಿನಲ್ಲಿ ಹೋಟೆಲನ್ನು ಆರಿಸಿದವರು ಯಾರು? ನೀವಲ್ಲ. ಅದರ ಹೆಸರೇ ನಿಮಗೆ ಗೊತ್ತಿರಲಿಲ್ಲ. ಮಾರಾಟಗಾರರ ಹೆಸರು, ವಿಳಾಸ, ರೇಟಿಂಗನ್ನು, ಗ್ರಾಹಕರು ಖರೀದಿಗೆ ಮುಂಚೆ ತಿಳಿದು ನಿರ್ಧರಿಸಲು ಬೇಕಾದ ಮಾಹಿತಿಯನ್ನು ಎದ್ದು ಕಾಣುವಂತೆ ಕೊಡಬೇಕು ಎಂದು ಅದೇ ನಿಯಮಗಳ 5ನೇ ನಿಯಮ ಹೇಳುತ್ತದೆ. ಅದನ್ನು ಮುಚ್ಚಿಟ್ಟು, ತಾನೇ ಆರಿಸಿ ಮಾರಿದವರು ಆಮೇಲೆ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದು ನನ್ನ ವಾದ. ಹಾಗಾಗಿ ದೂರಿನಲ್ಲಿ ಹೋಟೆಲನ್ನೂ ಆ್ಯಪ್ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಿ. ಆ್ಯಪಿನ ಅಂದದ ಹೆಸರು ಸಾಲದು. ಇನ್‌ವಾಯ್ಸಿನಲ್ಲಿರುವ ಕಂಪನಿಯ ಪೂರ್ತಿ ಹೆಸರು, ನೋಂದಾಯಿತ ವಿಳಾಸ ಬೇಕು.

ದೂರು ಎಲ್ಲಿಂದ ಶುರು? ಮೊದಲು ಆ್ಯಪಿನ ಕುಂದುಕೊರತೆ ಅಧಿಕಾರಿಗೆ ಇಮೇಲ್. ಅವರು 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅವರ ನಂಬರನ್ನು ಮಾತ್ರ ಗೂಗಲಿನಲ್ಲಿ ಹುಡುಕಬೇಡಿ! ಮೇಲೆ ಕಾಣುವ ‘ಕಸ್ಟಮರ್ ಕೇರ್’ ನಂಬರುಗಳಲ್ಲಿ ಕಳ್ಳರದ್ದೂ ಇರುತ್ತವೆ. ರಿಫಂಡ್ ಕೊಡಲು ಒಂದು ಆ್ಯಪ್ ಹಾಕಿಕೊಳ್ಳಿ, ಒಟಿಪಿ ಹೇಳಿ ಎಂದರೆ ಅಲ್ಲಿಗೆ ಕರೆ ಕತ್ತರಿಸಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೆ ಬ್ಯಾಂಕಿಗೂ ತಿಳಿಸಿ. ಹೋಟೆಲೇ ಇಲ್ಲದ ಬುಕಿಂಗ್ ಆಗಿದ್ದರೆ ಅದು ವಂಚನೆ. ಠಾಣೆಯಲ್ಲಿ ‘ಇದು ಸಿವಿಲ್ ಮ್ಯಾಟರ್, ಘಟನೆ ಗೋವಾದ್ದು, ಅಲ್ಲಿಗೇ ಹೋಗಿ’ ಎನ್ನುವ ಸಿಬ್ಬಂದಿ ಇದ್ದೇ ಇರುತ್ತಾರೆ. ಘಟನೆ ಎಲ್ಲಿಯದೇ ಆಗಲಿ, ಸಂಜ್ಞೇಯ (ಕಾಗ್ನಿಜಬಲ್) ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲೂ ಕೊಡಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ದೂರನ್ನು ಬರೆದುಕೊಂಡೇ ಹೋಗಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಬರಬೇಡಿ.

ಕಂಪನಿ ಸರಿಯಾಗಿ ಉತ್ತರಿಸದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಸಣ್ಣ ಮೊತ್ತಗಳು ಇಲ್ಲೇ ಬಗೆಹರಿಯುವುದುಂಟು. ಆದರೆ ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ಆದರೂ ಅಲ್ಲಿ ದೂರು ದಾಖಲಿಸಿ. ಕೋವಿಡ್ ಲಾಕ್‌ಡೌನಿನಲ್ಲಿ ರದ್ದಾದ ಬುಕಿಂಗುಗಳ ಹಣಕ್ಕಾಗಿ ಅಲ್ಲಿಗೆ ಬಂದ ದೂರುಗಳನ್ನು ಹಿಡಿದೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ‘ಯಾತ್ರಾ’ ಎಂಬ ಬುಕಿಂಗ್ ಕಂಪನಿಯನ್ನು ಬೆನ್ನುಹತ್ತಿತು. 2021ರಲ್ಲಿ 26.25 ಕೋಟಿ ರೂಪಾಯಿ ಇದ್ದ ಬಾಕಿ 2024ರ ಜೂನ್ ಹೊತ್ತಿಗೆ 2.52 ಕೋಟಿಗೆ ಇಳಿದಿತ್ತು. ಒಬ್ಬೊಬ್ಬರೇ ಓಡಾಡಿದ್ದರೆ ಅಷ್ಟು ಹಣ ಹೊರಬರುತ್ತಿರಲಿಲ್ಲ.

ಕೊನೆಗೆ ಗ್ರಾಹಕ ಆಯೋಗ. ಇಲ್ಲಿ ಕಾಮೋಠೆಯವರಿಗೆಂದೇ ಒಂದು ಗುಂಡಿಯಿದೆ. ನಮ್ಮದು ನವಿ ಮುಂಬಯಿ, ಪೊಲೀಸ್ ಕಮಿಷನರೇಟೂ ನವಿ ಮುಂಬಯಿಯದೇ. ಹಾಗೆಂದು ಬೇಲಾಪುರದ ಆಯೋಗಕ್ಕೆ ಹೋಗಿಬಿಡುತ್ತಾರೆ. ಅದು ಠಾಣೆ ಜಿಲ್ಲೆಯದು. ಕಾಮೋಠೆ, ಖಾರ್‌ಘರ್, ಕಳಂಬೋಲಿ ಪನ್ವೇಲ್ ತಾಲ್ಲೂಕು, ರಾಯಗಡ ಜಿಲ್ಲೆ. ನಮ್ಮ ಆಯೋಗ ಇರುವುದು ಪೇಣ್ ದಾಟಿ ಅಲಿಬಾಗ್‌ನಲ್ಲಿ. ಅಷ್ಟು ದೂರ ಎಂದೊಡನೆ ಅನೇಕರು ಕೈಬಿಡುತ್ತಾರೆ. ಬಿಡಬೇಡಿ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ನೀವು ವಾಸಿಸುವ ಕಡೆ ಮಾತ್ರವಲ್ಲ, ದುಡಿಯುವ ಕಡೆಯೂ ದೂರು ಕೊಡಬಹುದು. ವಾಶಿಯ ಮಾರುಕಟ್ಟೆಯಲ್ಲೋ ತುರ್ಭೆಯ ಹೋಟೆಲಿನಲ್ಲೋ ಕೆಲಸವಿದ್ದರೆ ಠಾಣೆ ಜಿಲ್ಲೆ ನಿಮ್ಮದಾಗುತ್ತದೆ. ಆದರೆ ಅದನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆದು, ಸಂಬಳದ ಚೀಟಿಯನ್ನೋ ಅಂಗಡಿಯ ಪರವಾನಗಿಯನ್ನೋ ಲಗತ್ತಿಸಬೇಕು. ಹೋಟೆಲಿರುವ ಗೋವಾಕ್ಕೆ ಹೋಗಬೇಕಾಗಿಲ್ಲ. ‘ಗುರುಗ್ರಾಮದ ಕೋರ್ಟಿಗೆ ಮಾತ್ರ ಅಧಿಕಾರ’, ‘ಆರ್ಬಿಟ್ರೇಷನ್‌ಗೆ ಬನ್ನಿ’ ಎಂದು ಆ್ಯಪಿನ ಷರತ್ತುಗಳಲ್ಲಿದ್ದರೂ ಅಂಜಬೇಡಿ. ಆರ್ಬಿಟ್ರೇಷನ್ ಷರತ್ತು ಗ್ರಾಹಕ ದೂರಿಗೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ.

ಐದು ಲಕ್ಷ ರೂಪಾಯಿವರೆಗೆ ಕಟ್ಟಿದ ಹಣದ ದೂರಿಗೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ. ವಕೀಲನಾದ ನಾನೇ ಇದನ್ನು ಹೇಳುತ್ತಿದ್ದೇನೆ, ಐದಾರು ಸಾವಿರದ ದೂರಿಗೆ ಅಷ್ಟೇ ಫೀ ಸುರಿಯಬೇಡಿ. ‘ಕೇಸು ಹಾಕಿಸಿಕೊಡುತ್ತೇವೆ, ಸಿಕ್ಕಿದ್ದರಲ್ಲಿ ಪಾಲು ಕೊಡಿ’ ಎನ್ನುವ ದಲ್ಲಾಳಿಗಳಿಗಂತೂ ಮೂಲ ಕಾಗದ ಕೊಡಲೇಬೇಡಿ. ಇ-ಜಾಗೃತಿ ಪೋರ್ಟಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಆನ್‌ಲೈನ್ ಸಲ್ಲಿಸಿದ ಮೇಲೂ ‘ಮೂರು ಸೆಟ್ ಕಾಗದ ತನ್ನಿ’ ಎಂದು ಜನರನ್ನು ಅಲೆಸುವ ಗುಮಾಸ್ತರನ್ನು ಕಂಡಿದ್ದೇನೆ. ಆ ಬೇಡಿಕೆಯನ್ನು ಬರೆದು ಕೊಡಿ ಎಂದು ಕೇಳಿ. ವಿಡಿಯೊ ಮೂಲಕ ಹಾಜರಾಗಲು ಬೇರೆ ಅರ್ಜಿ ಹಾಕಿ, ಕೇಳದಿದ್ದರೆ ತಾವಾಗಿ ಕೊಡುವುದಿಲ್ಲ. ಕನ್ನಡದ ವಾಟ್ಸಾಪ್ ಸಂದೇಶಗಳಿದ್ದರೆ ಇಂಗ್ಲಿಷಿಗೋ ಮರಾಠಿಗೋ ಅನುವಾದಿಸಿ ಲಗತ್ತಿಸಿ. ಸ್ಕ್ರೀನ್‌ಶಾಟುಗಳ ಜೊತೆ ಅವು ಅಸಲಿ ಎಂದು ದೃಢೀಕರಿಸುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಇರಲಿ, ಎದುರಿನ ವಕೀಲರು ಮೊದಲು ಹಿಡಿಯುವುದು ಅದನ್ನೇ.

ದೂರಿನಲ್ಲಿ ‘ಸೇವಾ ನ್ಯೂನತೆ’, ‘ಅನುಚಿತ ವ್ಯಾಪಾರ ಪದ್ಧತಿ’ ಎಂದೇ ಬರೆಯಿರಿ. ‘ಈ ಷರತ್ತು ಅನ್ಯಾಯದ ಕರಾರು, ರದ್ದು ಮಾಡಿ’ ಎಂದು ಕೇಳಿದಿರೋ, ಅದು ರಾಜ್ಯ ಆಯೋಗದ ಅಧಿಕಾರ ಎಂದು ಜಿಲ್ಲಾ ಆಯೋಗ ಕೈಚೆಲ್ಲಬಹುದು. ಘಟನೆ ನಡೆದ ದಿನದಿಂದ ಎರಡು ವರ್ಷದೊಳಗೆ ದೂರು ಬೀಳಬೇಕು. ಕಂಪನಿಯ ‘ಪರಿಶೀಲಿಸುತ್ತಿದ್ದೇವೆ’ ಎಂಬ ಇಮೇಲುಗಳಿಂದ ಆ ಗಡುವು ಮುಂದೆ ಹೋಗುವುದಿಲ್ಲ.

ನೋಟಿಸು ಹೋದ ಮೇಲೆ ಕಂಪನಿಯಿಂದ ಫೋನು ಬರುವುದುಂಟು. ಅಸಲು ಕೊಡುತ್ತೇವೆ, ದೂರು ಹಿಂತೆಗೆದುಕೊಳ್ಳಿ ಎನ್ನುತ್ತಾರೆ. ಒಪ್ಪುವುದು ನಿಮಗೆ ಬಿಟ್ಟದ್ದು, ಸಣ್ಣ ಮೊತ್ತಕ್ಕೆ ಒಪ್ಪುವುದೇ ಎಷ್ಟೋ ಸಲ ಮೇಲು. ವಾಲೆಟ್ ಪಾಯಿಂಟ್, ಮುಂದಿನ ಪ್ರವಾಸದ ಕೂಪನ್ ಬೇಡ. ಹಣ ಬ್ಯಾಂಕ್ ಖಾತೆಗೆ ಬಂದದ್ದನ್ನು ನೋಡಿದ ಮೇಲಷ್ಟೇ ಹಿಂತೆಗೆಯುವ ಅರ್ಜಿಗೆ ಸಹಿ ಹಾಕಿ. ಆದೇಶವಾಗಿಯೂ ಹಣ ಕೊಡದಿದ್ದರೆ ಅದೇ ಆಯೋಗದಲ್ಲಿ ಗ್ರಾಹಕ ರಕ್ಷಣಾ ಕಾಯ್ದೆಯ 71ನೇ ಕಲಮಿನ ಕೆಳಗೆ ವಸೂಲಿಗೂ 72ರ ಕೆಳಗೆ ಶಿಕ್ಷೆಗೂ ಅರ್ಜಿ ಹಾಕಬಹುದು. ಶಿಕ್ಷೆ ಒಂದು ತಿಂಗಳಿಂದ ಮೂರು ವರ್ಷದವರೆಗಿನ ಜೈಲು, ಇಲ್ಲವೇ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ, ಇಲ್ಲವೇ ಎರಡೂ. ಆ ಅರ್ಜಿಯ ನೋಟಿಸು ಕಂಪನಿಯ ನಿರ್ದೇಶಕರ ಹೆಸರಿಗೂ ಹೋಗುವಂತೆ ನೋಡಿಕೊಳ್ಳಿ.