ಎರೆನೆಲದ ತೇವವನ್ನು ಅಲೆಗಳಿಂದ ಅಳೆಯುವ ಬಗೆ

ಗದಗ ಜಿಲ್ಲೆಯ ರೋಣ, ನರಗುಂದ ತಾಲ್ಲೂಕುಗಳ ಎರೆಹೊಲಗಳಲ್ಲಿ ಬೆಳೆಯುವ ಹಿಂಗಾರಿ ಜೋಳ, ಕಡಲೆಗಳು ಬಿತ್ತನೆಯ ಅನಂತರ ಬೀಳುವ ಮಳೆಗಿಂತ, ಮೊದಲೇ ಬಿದ್ದು ನೆಲದಲ್ಲಿ ಇಂಗಿದ ಮಳೆಯನ್ನೇ ಹೆಚ್ಚಾಗಿ ನಂಬಿರುತ್ತವೆ. ಆದುದರಿಂದ ಕೂರಿಗೆ ಹೂಡುವ ಮೊದಲು ರೈತನು ಗೇಣುದ್ದ ಅಗೆದು, ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ನೋಡುತ್ತಾನೆ. ಮಣ್ಣು ಉಂಡೆಗಟ್ಟಿದರೆ ಹದವುಂಟು, ಪುಡಿಯಾದರೆ ಇಲ್ಲ. ಈ ತೀರ್ಮಾನ ತಪ್ಪಿದರೆ ಬೀಜ, ಗೊಬ್ಬರ, ದುಡಿಮೆ ಮೂರೂ ವ್ಯರ್ಥ. ಕೈಯ ಈ ಅರಿವನ್ನು ಒಂದು ಸಂಖ್ಯೆಯಾಗಿ ಪಡೆಯಬಹುದೆ? ಪಡೆಯಬಹುದು. ಆದರೆ ಆ ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ನಾವು ಇಲ್ಲಿ ವಿಚಾರಮಾಡೋಣ.

ತೇವವನ್ನು ಅಳೆಯುವ ಅತ್ಯಂತ ಸರಳ ವಿಧಾನವೆಂದರೆ ತೂಕ. ಹಸಿ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗುತ್ತೇವೆ. 120 ಗ್ರಾಂ ಇದ್ದುದು 100 ಗ್ರಾಂಗೆ ಇಳಿದರೆ ಹೋದುದು 20 ಗ್ರಾಂ ನೀರು. ತೇವವು ಒಣಮಣ್ಣಿನ ತೂಕದ ನೂರಕ್ಕೆ 20. ಈ ವಿಧಾನ ನಂಬಿಕೆಗೆ ಅರ್ಹವಾದುದು. ಆದರೆ ಫಲಕ್ಕಾಗಿ ಒಂದು ದಿನ ಕಾಯಬೇಕು. ಅಗೆದು ತೆಗೆದ ಮಣ್ಣನ್ನೇ ಮರುದಿನ ಮತ್ತೆ ಅಳೆಯುವಂತಿಲ್ಲ.

ಅಲೆಗಳ ನೆರವು ದೊರೆಯುವುದು ಇಲ್ಲಿಯೇ. ನೀರಿನ ಅಣುವಿನ ಒಂದು ಪಕ್ಕದಲ್ಲಿ ಅಲ್ಪ ಧನವಿದ್ಯುತ್ತೂ ಮತ್ತೊಂದು ಪಕ್ಕದಲ್ಲಿ ಅಲ್ಪ ಋಣವಿದ್ಯುತ್ತೂ ಇರುತ್ತದೆ. ವಿದ್ಯುತ್ಕಾಂತ ಅಲೆಯೊಂದು ಹಾದುಹೋಗುವಾಗ ಈ ಅಣುಗಳು ಅದರ ವಿದ್ಯುತ್ ಕ್ಷೇತ್ರದ ದಿಕ್ಕಿಗೆ ತಿರುಗಲು ಹವಣಿಸುತ್ತವೆ. ಅದರಿಂದ ಅಲೆಯ ವೇಗ ತಗ್ಗುತ್ತದೆ. ಈ ಗುಣವನ್ನು ಸೂಚಿಸುವ ಸಂಖ್ಯೆಗೆ ಪರಾವೈದ್ಯುತಾಂಕವೆಂದು ಹೆಸರು. ಗಾಳಿಗೆ ಇದು 1. ಒಣಮಣ್ಣಿಗೆ 3ರಿಂದ 5. ನೀರಿಗೆ ಸುಮಾರು 80. ಅದೇ ನೀರು ಮಂಜುಗಡ್ಡೆಯಾದರೆ ಅಣುಗಳು ಸುಲಭವಾಗಿ ತಿರುಗಲಾರವಾಗಿ, ಈ ಅಲೆಗಳ ಮಟ್ಟಿಗೆ ಅಂಕವು ಸುಮಾರು 3ಕ್ಕೆ ಇಳಿಯುತ್ತದೆ. ಮಣ್ಣಿನಲ್ಲಿ ಅಲೆ ಎಷ್ಟು ತಡವಾಯಿತೆಂದು ತಿಳಿದರೆ ಅಲ್ಲಿ ನೀರೆಷ್ಟೆಂದು ಊಹಿಸಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

15 ಸೆಂಟಿಮೀಟರು ಉದ್ದದ ಒಂದು ಜೊತೆ ಉಕ್ಕಿನ ಕಡ್ಡಿಗಳನ್ನು ನೆಲಕ್ಕೆ ಚುಚ್ಚಿದ್ದೇವೆ ಎಂದುಕೊಳ್ಳೋಣ. ಮೇಲ್ತುದಿಯಿಂದ ಬಿಟ್ಟ ವಿದ್ಯುತ್ ಸ್ಪಂದವು ಕೆಳತುದಿಯನ್ನು ಮುಟ್ಟಿ ಹಿಂದಿರುಗುತ್ತದೆ. ಒಟ್ಟು ದಾರಿ 30 ಸೆಂಟಿಮೀಟರು. ಗಾಳಿಯಲ್ಲಿ ಇದಕ್ಕೆ ಹಿಡಿಯುವ ಕಾಲ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು, ಅಂದರೆ 1 ನ್ಯಾನೊಸೆಕೆಂಡು. ಮಣ್ಣಿನಲ್ಲಿ ಈ ಕಾಲವು ಪರಾವೈದ್ಯುತಾಂಕದ ವರ್ಗಮೂಲದಷ್ಟು ಪಟ್ಟು ಹೆಚ್ಚುತ್ತದೆ. 1980ರಲ್ಲಿ ಕೆನಡಾದ ಟಾಪ್, ಡೇವಿಸ್ ಮತ್ತು ಅನ್ನಾನ್ ಎಂಬ ವಿಜ್ಞಾನಿಗಳು ಈ ಅಂಕಕ್ಕೂ ತೇವಕ್ಕೂ ಇರುವ ಸಂಬಂಧವನ್ನು ಒಂದು ಸೂತ್ರವಾಗಿ ಪ್ರಕಟಿಸಿದರು. ಅದರಂತೆ ನಮ್ಮ ಕಡ್ಡಿಗಳಲ್ಲಿ 2 ನ್ಯಾನೊಸೆಕೆಂಡು ಹಿಡಿದರೆ ತೇವ ನೂರಕ್ಕೆ ಸುಮಾರು 5; 3 ಹಿಡಿದರೆ 17; 4ಕ್ಕೆ 29; 5ಕ್ಕೆ 40. ಇವು ಮಣ್ಣಿನ ಗಾತ್ರವನ್ನು ಕುರಿತ ಅಂಕಗಳು. ಒಲೆಯಿಂದ ಬಂದ ತೂಕದ ಅಂಕವನ್ನು ಇವಕ್ಕೆ ಹೋಲಿಸಬೇಕಾದರೆ, ಒಂದು ಘನ ಸೆಂಟಿಮೀಟರು ನೆಲದಲ್ಲಿರುವ ಒಣಮಣ್ಣಿನ ತೂಕದಿಂದ ಗುಣಿಸಬೇಕು. ಆ ತೂಕ 1.3 ಗ್ರಾಂ ಆದರೆ, ನೂರಕ್ಕೆ 20 ಎಂಬುದು 26 ಆಗುತ್ತದೆ.

ಇಷ್ಟರಿಂದ ಕೆಲಸ ಮುಗಿಯಿತೆಂದು ತಿಳಿಯಬಾರದು. ಉಪಕರಣವು ಅಳೆಯುವುದು ಅಲೆಯ ತಡವನ್ನು. ನೀರನ್ನು ನಾವು ಅದರಿಂದ ಊಹಿಸುತ್ತೇವೆ. ಎರೆಮಣ್ಣು ಈ ಊಹೆಯನ್ನು ಮೂರು ಬಗೆಯಲ್ಲಿ ಕೆಡಿಸಬಲ್ಲುದು. ಮೊದಲನೆಯದಾಗಿ, ಅದರ ಅತಿಸೂಕ್ಷ್ಮವಾದ ಜೇಡಿಕಣಗಳಿಗೆ ಅಂಟಿದ ನೀರಿನ ಅಣುಗಳು ಸ್ವೇಚ್ಛೆಯಾಗಿ ತಿರುಗಲಾರವು. ಇದ್ದ ನೀರು ಇದ್ದಷ್ಟು ಕಾಣಿಸುವುದಿಲ್ಲ. ಎರಡನೆಯದಾಗಿ, ಒಣಗಿದ ಎರೆ ಬಿರಿಯುತ್ತದೆ. ಕಡ್ಡಿಯ ಪಕ್ಕದಲ್ಲಿ ಬಿರುಕು ಬಿಟ್ಟರೆ ಅಲೆ ಗಾಳಿಯಲ್ಲಿ ಬೇಗ ಸಾಗಿ, ತೇವ ಕಡಿಮೆಯೆಂದು ತೋರುತ್ತದೆ. ಮೂರನೆಯದಾಗಿ, ಮಲಪ್ರಭೆಯ ಕಾಲುವೆ ನೀರುಂಡ ಕೆಲವು ನೆಲಗಳಲ್ಲಿರುವಂತೆ ಉಪ್ಪು ಸೇರಿದ್ದರೆ ಸ್ಪಂದವು ಹಿಂದಿರುಗುವಷ್ಟರಲ್ಲಿ ಕ್ಷೀಣಿಸುತ್ತದೆ. ಕಡಿಮೆ ಆವರ್ತಾಂಕದ ಅಗ್ಗದ ಉಪಕರಣಗಳಾದರೋ ಇಲ್ಲದ ನೀರನ್ನೂ ತೋರಿಸುವುದುಂಟು.

ಅಂಕ ಸರಿಯಾಗಿದ್ದರೂ ಅದರ ಅರ್ಥ ಎಲ್ಲೆಡೆ ಒಂದೇ ಅಲ್ಲ. ಗಜೇಂದ್ರಗಡದ ಗುಡ್ಡಗಳ ಬದಿಯ ಮರಳುಮಿಶ್ರಿತ ಮಸಾರಿಯಲ್ಲಿ ನೂರಕ್ಕೆ 20 ತೇವವೆಂದರೆ ಒಳ್ಳೆಯ ಹದ. ದಟ್ಟವಾದ ಎರೆಯಲ್ಲಿ ಅದೇ 20ರಲ್ಲಿ ಬೆಳೆ ಬಾಡಬಹುದು. ಜೇಡಿ ಹಿಡಿದಿಟ್ಟ ನೀರನ್ನು ಬೇರು ಸೆಳೆಯಲಾರದು.

ಅಲೆಗಳನ್ನು ಆಕಾಶದಿಂದಲೂ ಬೀರಬಹುದು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ, ಇಸ್ರೋ ಮತ್ತು ನಾಸಾ ಸಂಸ್ಥೆಗಳ ನೈಸಾರ್ ಉಪಗ್ರಹವು 24 ಸೆಂಟಿಮೀಟರಿನ ಅಲೆಗಳನ್ನೂ ಬಳಸುತ್ತದೆ. ಒದ್ದೆ ನೆಲವು ಒಣನೆಲಕ್ಕಿಂತ ಹೆಚ್ಚಾಗಿ ಅಲೆಯನ್ನು ಹಿಂದಕ್ಕೆ ಕಳುಹಿಸುತ್ತದೆ. ಆದರೆ ಉತ್ತ ಸಾಲುಗಳೂ ನಿಂತ ಬೆಳೆಯೂ ಅಲೆಯನ್ನು ಚೆದುರಿಸುತ್ತವೆ. ಮೇಲಾಗಿ ಇದರಿಂದ ತಿಳಿಯುವುದು ಮೇಲಿನ ಕೆಲವೇ ಸೆಂಟಿಮೀಟರು ಮಣ್ಣಿನ ಸಮಾಚಾರ. ಹಿಂಗಾರಿ ಜೋಳದ ಬೇರು ಒಂದು ಮೀಟರಿಗಿಂತಲೂ ಆಳಕ್ಕೆ ಇಳಿಯಬಲ್ಲುದು.

ಹಾಗಾದರೆ ಮಾಡಬೇಕಾದುದೇನು? ಹೊಲ ಒಣಗಿದಾಗಲೂ, ನೆನೆದಾಗಲೂ, ನಡುವೆ ಎರಡು ಮೂರು ಬಾರಿಯೂ ಕಡ್ಡಿಯ ಅಂಕವನ್ನು ಬರೆದುಕೊಂಡು, ಪ್ರತಿಸಲವೂ ಅದೇ ಸ್ಥಳದ ಬದಿಯ ಮಣ್ಣನ್ನು ಒಲೆಯಲ್ಲಿ ಒಣಗಿಸಿ ತೂಗಬೇಕು. ಎರಡನ್ನೂ ಚೌಕುಳಿ ಕಾಗದದ ಮೇಲೆ ಗುರುತಿಸಿದರೆ ಆ ಹೊಲದ್ದೇ ಆದ ಒಂದು ಗೆರೆ ದೊರೆಯುತ್ತದೆ. ಎರೆಯ ಗೆರೆ ಮಸಾರಿಗೆ ಸಲ್ಲದು. ಮುಷ್ಟಿಯಲ್ಲಿ ಮಣ್ಣು ಹದವಾಗಿ ಉಂಡೆಗಟ್ಟಿದ ದಿನದ ಅಂಕವನ್ನೂ ಆ ಗೆರೆಯ ಮೇಲೆ ಗುರುತಿಸಿಟ್ಟುಕೊಂಡರೆ, ಮುಂದಿನ ಬಿತ್ತನೆಯ ಕಾಲಕ್ಕೆ ಉಪಕರಣವು ಹೇಳುವ ಮಾತು ರೈತನಿಗೆ ಅರ್ಥವಾಗುವ ಮಾತಾಗುತ್ತದೆ.