ಹಳ್ಳದ ಗಿಡ ಹೇಳುವ ಮಣ್ಣಿನ ಲೆಕ್ಕ

ಮಳೆ ನಿಂತು ಜೊಯಿಡಾದ ಹಳ್ಳಗಳು ತಿಳಿಯಾಗುವ ಹೊತ್ತಿಗೆ, ನಿಮ್ಮ ತೋಟದ ಕೆಳಗಿನ ಹಳ್ಳದಗುಂಟ ಒಮ್ಮೆ ನಡೆದು ನೋಡಿ. ಯಾವ ಗಿಡ ಎಲ್ಲಿ ನಿಂತಿದೆ ಎಂಬುದರಲ್ಲೇ ನಿಮ್ಮ ಮೇಲ್ಮಣ್ಣು ಎಲ್ಲಿಗೆ ಹೋಯಿತೆಂಬುದು ಗೊತ್ತಾಗುತ್ತದೆ.

ನೀರು ಧುಮುಕುವಲ್ಲಿ ಮಣ್ಣು ನಿಲ್ಲದು, ಬರಿ ಬಂಡೆ. ಅಲ್ಲೂ ಗಿಡವಿದೆ! ನೋಡಲು ಪಾಚಿಯಂತಿದ್ದರೂ ಹೂ ಬಿಡುವ ಪೊಡೊಸ್ಟೆಮೇಸಿ ಕುಟುಂಬದ ಸಸ್ಯಗಳು ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಂಡೆಗೇ ಕಚ್ಚಿಕೊಂಡು ಬದುಕುತ್ತವೆ. ಮಳೆಗಾಲವೆಲ್ಲ ನೀರಿನಡಿ ಬೆಳೆದು, ನೀರಿಳಿದು ಬಂಡೆ ಬಯಲಾದಾಗ ಹೂವಾಗಿ ಬೀಜ ಕಟ್ಟುತ್ತವೆ. ಬಂಡೆಯ ಮೇಲೆ ಕೆಸರು ಕೂತರೆ ಅವಕ್ಕೆ ಹಿಡಿತವೂ ಇಲ್ಲ, ಬೆಳಕೂ ಇಲ್ಲ.

ಮರಳಿನಲ್ಲಿ ಗಿಡ ವಿರಳ. ನೆರೆ ಬಂದಾಗಲೆಲ್ಲ ಮರಳು ಜಾಗ ಬಿಡುತ್ತದೆ, ಸಾರವೂ ಕಡಿಮೆ. ತಿರುವಿನ ಒಳಮಗ್ಗುಲಲ್ಲಿ, ಒಡ್ಡಿನ ಹಿಂದೆ ನೀರಿನ ಸೆಳೆತ ತಗ್ಗಿದಾಗ ನುಣ್ಣನೆಯ ಗೋಡು ತಳಕ್ಕಿಳಿಯುತ್ತದೆ. ಬೇರೂರುವ ನೀರುಗಿಡಗಳು ರಂಜಕವನ್ನು ಹೆಚ್ಚಾಗಿ ಈ ಗೋಡಿನಿಂದಲೇ ಹೀರುವುದರಿಂದ ಕೆಸು, ಜೊಂಡು, ಹೊನಗೊನೆ ಇಲ್ಲಿ ದಟ್ಟ. ಗಿಡ ಎದ್ದಷ್ಟೂ ನೀರು ನಿಧಾನ, ಹೂಳು ಹೆಚ್ಚು.

ಗದ್ದೆಯ ನೀರು ಹಳ್ಳ ಸೇರುವ ಬಾಯಲ್ಲೇ ಹೀಗೆ ಹಸಿರು ಒತ್ತಾಗಿ ಎದ್ದಿದ್ದರೆ, ಅದಕ್ಕೆ ಉಣಿಸುತ್ತಿರುವುದು ನಿಮ್ಮ ಗೊಬ್ಬರ. ಅಲ್ಲಿ ಕೂತ ಹೂಳಿನಲ್ಲಿ ಏನಿದೆಯೆಂದು ತಿಳಿಯಲು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಹೂಳು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ಗೋಡಿಗೆ ಒಂದೆರಡು ತಾಸು ಬೇಕು, ಜೇಡಿ ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತದೆ. ಮರಳಿನ ಮೇಲೆ ಗೋಡಿನ ಪದರ ದಪ್ಪಗಿದ್ದರೆ ಆ ಹೂಳನ್ನು ಬೇಸಿಗೆಯಲ್ಲಿ ತೋಟಕ್ಕೆ ಹೊತ್ತು ತರುವುದು ಲಾಭವೇ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕೆಲವು ದಿನ ಹರವಿ ಗಾಳಿಯಾಡಿಸಿ, ಆಮೇಲೆ ಅಡಿಕೆ ಬುಡಕ್ಕೆ ತೆಳ್ಳಗೆ ಹಾಕಿ ಮೇಲೆ ಸೊಪ್ಪು ಮುಚ್ಚಿ. ಅರಣ್ಯದೊಳಗಿನ ಹಳ್ಳಕ್ಕೆ ಮಾತ್ರ ಇಲಾಖೆಯ ಅನುಮತಿ ಇಲ್ಲದೆ ಕೈ ಹಾಕಬೇಡಿ.

ಹೂಳೆತ್ತುವ ನೆಪದಲ್ಲಿ ಜೆಸಿಬಿ ಇಳಿಸಿ ದಂಡೆಯ ಕೇದಗೆ, ವಾಟೆ ಕಿತ್ತುಹಾಕುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಆ ಬೇರುಗಳು ಹೋದರೆ ಮುಂದಿನ ಮಳೆಗೆ ದಂಡೆಯೇ ಕುಸಿಯುತ್ತದೆ. ಇಲ್ಲಿಯ ಬಹುಪಾಲು ಹಳ್ಳಗಳು ಸೇರುವುದು ಡಿಗ್ಗಿ ಬಳಿ ಹುಟ್ಟುವ ಕಾಳಿಯನ್ನು. ಸುಪಾ ಅಣೆಕಟ್ಟಿನ ಮೇಲಿನ ಊರುಗಳಿಂದ ಕೊಚ್ಚಿಹೋದ ಮಣ್ಣು ಜಲಾಶಯದ ತಳ ಸೇರಿದರೆ ಮತ್ತೆ ಕೈಗೆ ಬಾರದು. ಗದ್ದೆಯ ನೀರು ಹೊರಬೀಳುವಲ್ಲಿ ಕಲ್ಲು ಜೋಡಿಸಿ, ಅದರ ಹಿಂದೆ ಒತ್ತೊತ್ತಾಗಿ ಲಾವಂಚದ ಸಾಲು ನೆಡಿ. ಜೂನ್ ಮೊದಲ ಮಳೆಗೇ ಬುಡ ಊರಿದರೆ ಬೇಗ ಚಿಗುರುತ್ತದೆ.